ಆಟೋಕ್ಲೇವ್: ಕೊಳ್ಳುವ ಮುನ್ನ, ಕೊಂಡ ಮೇಲೆ

ಕ್ಲಿನಿಕ್‌ಗೆ ಆಟೋಕ್ಲೇವ್ (ಪ್ರೆಶರ್‌ನಲ್ಲಿರುವ ಹಬೆಯಿಂದ ಸಾಮಾನುಗಳ ಕ್ರಿಮಿ ಕೊಲ್ಲುವ ಮಷಿನ್) ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಲೀಟರ್‌ದು?’ ಅಂತ. ಆಮೇಲೆ ‘ಎಷ್ಟು ನಿಮಿಷ ಹಿಡಿಯುತ್ತೆ?’ ಅಂತ. ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು ಒಂದಿದೆ: ಒಳಗಿರುವ ಗಾಳಿಯನ್ನು ಈ ಮಷಿನ್ ಹೇಗೆ ಹೊರಗೆ ಹಾಕುತ್ತದೆ?

ಹಬೆ ತಣ್ಣನೆಯ ಲೋಹಕ್ಕೆ ತಾಗಿದ ಕೂಡಲೇ ನೀರಾಗುತ್ತದೆ. ನೀರಾಗುವಾಗ ತನ್ನೊಳಗೆ ಅಡಗಿದ್ದ ಶಾಖವನ್ನು ಅಲ್ಲಿ ಬಿಟ್ಟುಕೊಡುತ್ತದೆ. ಆ ಶಾಖವೂ ತೇವವೂ ಸೇರಿ ಕ್ರಿಮಿಯ ಪ್ರೋಟೀನನ್ನು ಕೆಡಿಸುತ್ತವೆ. ಒಣ ಬಿಸಿಗಾಳಿಯಲ್ಲಿ ಇದೇ ಕೆಲಸಕ್ಕೆ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಗಂಟೆ ಬೇಕು. ಹಬೆಗೆ 121 ಡಿಗ್ರಿಯಲ್ಲಿ 15 ನಿಮಿಷ, 134 ಡಿಗ್ರಿಯಲ್ಲಿ 3 ನಿಮಿಷ ಸಾಕು. ಆದರೆ ಹಬೆ ನೇರವಾಗಿ ತಾಗಬೇಕು. ಗಾಳಿ ಸಿಕ್ಕಿಕೊಂಡ ಜಾಗಕ್ಕೆ ಅದು ತಲುಪುವುದಿಲ್ಲ.

ಪ್ರೆಶರ್ ಗೇಜ್ ನೋಡಿ ಸಮಾಧಾನ ಪಡುವ ಹಾಗೂ ಇಲ್ಲ. ಗಾಳಿ ಪೂರ್ತಿ ಹೋಗಿದ್ದರೆ 15 ಪೌಂಡ್ ಪ್ರೆಶರ್‌ನಲ್ಲಿ 121 ಡಿಗ್ರಿ ಬಿಸಿ ಇರುತ್ತದೆ. ಅರ್ಧ ಗಾಳಿ ಉಳಿದರೆ ಅದೇ 15 ಪೌಂಡ್‌ನಲ್ಲಿ ಸುಮಾರು 112 ಡಿಗ್ರಿ ಅಷ್ಟೆ. ಏನೂ ಹೋಗದಿದ್ದರೆ 100ರ ಆಸುಪಾಸು. ಗೇಜಿನ ಮುಳ್ಳು ಮಾತ್ರ ಮೂರು ಸಲವೂ ಒಂದೇ ಕಡೆ ನಿಂತಿರುತ್ತದೆ!

ಒಳಗೆ ಏನೇನು ಹಾಕುತ್ತೀರಿ?

ಒಂದು ಹಾಳೆ ತೆಗೆದುಕೊಂಡು, ಸ್ಟೆರಿಲೈಸ್ ಮಾಡಬೇಕಾದ ಪ್ರತಿಯೊಂದನ್ನೂ ಬರೆಯಿರಿ. ಕತ್ತರಿ, ಫೋರ್ಸೆಪ್ಸ್, ಸ್ಟೀಲ್ ಬಟ್ಟಲಿನಂಥ ಗಟ್ಟಿ ಸಾಮಾನು ಒಂದು ಕಡೆ. ಸಕ್ಷನ್ ಟ್ಯೂಬ್, ಕ್ಯಾನುಲಾ, ಹಲ್ಲಿನ ಡಾಕ್ಟರ ಹ್ಯಾಂಡ್‌ಪೀಸ್ ಥರದ ಟೊಳ್ಳಾದವು ಇನ್ನೊಂದು ಕಡೆ. ಬಟ್ಟೆ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ, ಪೌಚ್‌ನಲ್ಲಿ ಹಾಕಿಡುವವು ಮತ್ತೊಂದು ಕಡೆ. ಯಾವ ಮಷಿನ್ ಬೇಕು ಅನ್ನುವುದು ಈ ಹಾಳೆಯಲ್ಲೇ ಗೊತ್ತಾಗುತ್ತದೆ.

ಚಿಕ್ಕ ಆಟೋಕ್ಲೇವ್‌ಗಳಿಗೆ ಇಎನ್ 13060 ಎಂಬ ಯುರೋಪಿನ ಮಾನದಂಡವಿದೆ. ಅದರಲ್ಲಿ ಮೂರು ಬಗೆ: ಎನ್, ಎಸ್, ಬಿ. ಎನ್ ಬಗೆಯಲ್ಲಿ ಹಬೆಯೇ ಗಾಳಿಯನ್ನು ಕೆಳಕ್ಕೆ ತಳ್ಳಿ ಹೊರಗೆ ಹಾಕುತ್ತದೆ, ಪಂಪ್ ಇರುವುದಿಲ್ಲ. ಇದು ಸುತ್ತದೆ ಇಟ್ಟ, ಗಟ್ಟಿಯಾದ ಸಾಮಾನಿಗೆ ಮಾತ್ರ. ತೆಗೆದ ತಕ್ಷಣ ಬಳಸಬೇಕು. ಬಿ ಬಗೆಯಲ್ಲಿ ವ್ಯಾಕ್ಯೂಮ್ ಪಂಪ್ ಗಾಳಿ ಎಳೆದು, ಹಬೆ ಬಿಟ್ಟು, ಮತ್ತೆ ಎಳೆಯುತ್ತದೆ. ಹೀಗೆ ಹಲವು ಸಲ. ಆದ್ದರಿಂದ ಕೊಳವೆಯ ಒಳಗೂ ಬಟ್ಟೆಯ ಮಡಿಕೆಗೂ ಹಬೆ ಹೋಗುತ್ತದೆ. ಎಸ್ ಇವೆರಡರ ನಡುವಿನದು. ತಯಾರಕರು ಯಾವುದಕ್ಕೆ ಅಂತ ಬರೆದು ಕೊಟ್ಟಿದ್ದಾರೋ ಅದಕ್ಕಷ್ಟೇ ಬಳಸಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಹಾಳೆಯಲ್ಲಿ ಟೊಳ್ಳಾದ ಒಂದು ಸಾಮಾನು ಇದ್ದರೂ, ಪೌಚ್‌ನಲ್ಲಿಟ್ಟು ನಾಳೆ ಬಳಸುವುದು ಒಂದು ಇದ್ದರೂ ಬಿ ಬಗೆಯದನ್ನೇ ತನ್ನಿ. ಅಂಥದ್ದೇನೂ ಇಲ್ಲವೆಂದರೆ ಎನ್ ಸಾಕು. ಸುಮ್ನೆ ದೊಡ್ಡದನ್ನು ತಂದರೆ ಪಂಪಿನ ರಿಪೇರಿಯೂ ಜೊತೆಗೇ ಬರುತ್ತದೆ.

ಎಣ್ಣೆ, ವ್ಯಾಸಲೀನ್, ಪುಡಿಗಳ ಒಳಕ್ಕೆ ಹಬೆ ಹೋಗುವುದಿಲ್ಲ, ಅವಕ್ಕೆ ಒಣ ಶಾಖವೇ ಬೇಕು. ಬಾಟಲಿಯಲ್ಲಿರುವ ದ್ರವಕ್ಕೆ ಪ್ರೆಶರ್ ನಿಧಾನಕ್ಕೆ ಇಳಿಯುವ ಬೇರೆ ಸೈಕಲ್ (ಮಷಿನ್ ಓಡುವ ಒಂದು ಪೂರ್ತಿ ಸುತ್ತು) ಇರಬೇಕು. ಇಲ್ಲದಿದ್ದರೆ ಕುದಿದು ಉಕ್ಕುತ್ತದೆ, ಬಾಟಲಿಯೂ ಒಡೆಯಬಹುದು.

ಇನ್ನು ಲೀಟರ್ ಲೆಕ್ಕ. 134 ಡಿಗ್ರಿಯಲ್ಲಿ 3 ನಿಮಿಷ ಅಂದರೆ ಕೆಲಸ 3 ನಿಮಿಷದಲ್ಲಿ ಮುಗಿಯಿತು ಅಂತಲ್ಲ. ಗಾಳಿ ತೆಗೆಯಬೇಕು, ಬಿಸಿಯಾಗಬೇಕು, ಕೊನೆಗೆ ಒಣಗಬೇಕು. ‘ಪೌಚ್ ತುಂಬಿದ ಲೋಡ್ ಒಣಗಿ ಹೊರಬರಲು ಒಟ್ಟು ಎಷ್ಟು ಹೊತ್ತು?’ ಅಂತ ಕೇಳಿ. ಅತಿ ಹೆಚ್ಚು ರೋಗಿಗಳು ಬರುವ ದಿನಕ್ಕೆ ಎಷ್ಟು ಸೆಟ್ ಬೇಕು ಎಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಪ್ರತಿ ಸೈಕಲ್‌ನ ದಾಖಲೆ ಪ್ರಿಂಟ್ ಆಗುತ್ತದೆಯೇ, ಬಿಡಿ ಭಾಗ ಸಿಗುತ್ತದೆಯೇ, ಸರ್ವಿಸ್‌ಗೆ ಯಾರು ಬರುತ್ತಾರೆ ಎನ್ನುವುದನ್ನೂ ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ.

ನೀರು

ನಲ್ಲಿ ನೀರು ಬೇಡವೇ ಬೇಡ. ಅದರಲ್ಲಿರುವ ಲವಣ ಹೀಟರ್ ಮೇಲೆ ಬಿಳಿ ಪದರ ಕಟ್ಟುತ್ತದೆ, ವಾಲ್ವ್‌ಗಳಲ್ಲಿ ಕೂರುತ್ತದೆ, ಸ್ಟೀಲಿನ ಮೇಲೆ ಕಲೆ ಬಿಡುತ್ತದೆ. ಡಿಸ್ಟಿಲ್ಡ್ ಅಥವಾ ಡೀಮಿನರಲೈಸ್ಡ್ ನೀರನ್ನೇ ಹಾಕಿ. ಕುಡಿಯುವ ನೀರಿನ ಫಿಲ್ಟರ್‌ನಿಂದ ಹಿಡಿದದ್ದು ಇದಕ್ಕೆ ಸಮವಲ್ಲ. ಟ್ಯಾಂಕಿನಲ್ಲಿ ನೀರು ಕಡಿಮೆಯಾದಾಗ ಮೇಲಿಂದ ಸೇರಿಸುತ್ತಾ ಹೋಗಬೇಡಿ. ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಒರೆಸಿ, ಹೊಸದು ತುಂಬಿ.

ತುಂಬುವ ಕ್ರಮ

ಜಾಸ್ತಿ ಎಡವಟ್ಟಾಗುವುದು ಇಲ್ಲೇ. ರಕ್ತ ಒಣಗಿ ಅಂಟಿದ್ದರೆ ಅದರ ಕೆಳಗಿರುವ ಕ್ರಿಮಿಗೆ ಹಬೆ ತಾಗುವುದಿಲ್ಲ. ಆದ್ದರಿಂದ ಮೊದಲು ತೊಳೆಯಬೇಕು, ಬ್ರಷ್ ಮಾಡಬೇಕು, ಒಣಗಿಸಬೇಕು. ಕತ್ತರಿ, ಫೋರ್ಸೆಪ್ಸ್‌ಗಳ ಬಾಯಿ ತೆರೆದಿರಲಿ. ಕೀಲು ಮುಚ್ಚಿದ್ದರೆ ಆ ಸಂದಿಯಲ್ಲಿ ಹಬೆ ಆಡುವುದಿಲ್ಲ. ಬಟ್ಟಲನ್ನು ಓರೆಯಾಗಿ ಇಡಿ. ಬಾಯಿ ಮೇಲೆ ಮಾಡಿ ನೆಟ್ಟಗೆ ಇಟ್ಟರೆ ತಳದಲ್ಲಿ ಗಾಳಿ ಉಳಿಯುತ್ತದೆ, ನೀರೂ ನಿಲ್ಲುತ್ತದೆ.

ಪೌಚ್‌ಗೆ ಒಂದು ಕಡೆ ಕಾಗದ, ಇನ್ನೊಂದು ಕಡೆ ಪ್ಲಾಸ್ಟಿಕ್ ಇರುತ್ತದೆ. ಗಾಳಿ ಹೊರಹೋಗುವುದೂ ಹಬೆ ಒಳಬರುವುದೂ ಕಾಗದದ ಕಡೆಯಿಂದ. ಒಂದರ ಮೇಲೊಂದು ಮಲಗಿಸಿದರೆ ಆ ದಾರಿಯೇ ಮುಚ್ಚಿತು. ಸ್ಟ್ಯಾಂಡಿನಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಒಂದರ ಕಾಗದ ಪಕ್ಕದ್ದರ ಪ್ಲಾಸ್ಟಿಕ್ಕಿಗೆ ಎದುರಾಗಿರಲಿ, ನಡುವೆ ಬೆರಳು ಹೋಗುವಷ್ಟು ಜಾಗ ಬಿಡಿ. ಚೇಂಬರ್ ಗೋಡೆಗೆ ತಾಗಿಸಬೇಡಿ. ಒದ್ದೆಯಾಗಿ ಹೊರಬಂದ ಪ್ಯಾಕ್ ಕಪಾಟಿಗೆ ಹೋಗಕೂಡದು. ಒದ್ದೆ ಕಾಗದದ ಮೂಲಕ ಕ್ರಿಮಿ ಸಲೀಸಾಗಿ ಒಳಗೆ ಹೋಗುತ್ತದೆ. ಪದೇ ಪದೇ ಒದ್ದೆ ಬರುತ್ತಿದ್ದರೆ ಲೋಡ್ ಜಾಸ್ತಿಯಾಗಿದೆ, ಇಲ್ಲವೇ ಡ್ರೇನ್ ಫಿಲ್ಟರ್ ಕಟ್ಟಿಕೊಂಡಿದೆ. ಮೊದಲು ಅವೆರಡನ್ನೂ ನೋಡಿ.

ಕೆಲಸ ಆಗಿದೆಯೇ ಅಂತ ತಿಳಿಯುವುದು

ಪ್ಯಾಕ್ ಮೇಲಿನ ಟೇಪ್ ಬಣ್ಣ ಬದಲಾಯಿಸಿತು ಅಂದರೆ ಅದು ಮಷಿನ್ ಒಳಗೆ ಹೋಗಿ ಬಂತು ಅಂತ ಮಾತ್ರ. ಸ್ಟೆರೈಲ್ ಆಯಿತು ಅಂತಲ್ಲ. ಪ್ಯಾಕ್ ಒಳಗೆ ಟೈಪ್ 5 ಇಂಡಿಕೇಟರ್ ಎಂಬ ರಾಸಾಯನಿಕ ಪಟ್ಟಿ ಇಟ್ಟರೆ ಹೊತ್ತು, ಬಿಸಿ, ಹಬೆ ಮೂರೂ ಸರಿಯಾಗಿ ಸಿಕ್ಕವೋ ಇಲ್ಲವೋ ತಿಳಿಯುತ್ತದೆ.

ವ್ಯಾಕ್ಯೂಮ್ ಇರುವ ಮಷಿನ್‌ಗೆ ಬೆಳಿಗ್ಗೆ ಮೊದಲ ಲೋಡಿಗೂ ಮುಂಚೆ ಬೋವಿ-ಡಿಕ್ ಪರೀಕ್ಷೆ ಮಾಡಿ. ಮಷಿನ್ ಬಿಸಿಯಾದ ಮೇಲೆ, ಬೇರೇನೂ ಇಡದೆ, ಪರೀಕ್ಷೆಯ ಪ್ಯಾಕ್ ಒಂದನ್ನೇ ಇಟ್ಟು 134 ಡಿಗ್ರಿಯಲ್ಲಿ ಮೂರೂವರೆ ನಿಮಿಷ ಓಡಿಸುವುದು. ಪ್ಯಾಕ್ ಬಿಚ್ಚಿ ನಡುವಿನ ಹಾಳೆ ನೋಡಿ. ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣವಿದ್ದರೆ ಸರಿ. ಮಧ್ಯದಲ್ಲಿ ಪೇಲವ ಮಚ್ಚೆ ಇದ್ದರೆ ಅಲ್ಲಿ ಗಾಳಿ ಉಳಿದಿತ್ತು ಅಂತ ಅರ್ಥ. ಆ ದಿನ ಆ ಮಷಿನ್ ಬಳಸಬೇಡಿ. ಟೊಳ್ಳಾದವುಗಳಿಗೆ, ಉದ್ದನೆಯ ಸಣ್ಣ ಕೊಳವೆಯ ತುದಿಗೂ ಹಬೆ ತಲುಪಿತೇ ಎಂದು ನೋಡುವ ಹೀಲಿಕ್ಸ್ ಪರೀಕ್ಷೆ ಬೇರೆ ಇದೆ.

ಕೊನೆಯ ಮಾತು ಸ್ಪೋರ್ ಪರೀಕ್ಷೆಯದು. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ ಬ್ಯಾಕ್ಟೀರಿಯಾದ ಸ್ಪೋರ್‌ಗಳು (ಗಟ್ಟಿ ಕವಚದೊಳಗೆ ಸುಪ್ತವಾಗಿರುವ ರೂಪ) ಹಬೆಗೆ ಸುಲಭಕ್ಕೆ ಬಗ್ಗುವುದಿಲ್ಲ. ವಾರಕ್ಕೊಮ್ಮೆ ಅದರ ಒಂದು ವಯಲ್ ಅನ್ನು ಲೋಡಿನ ಜೊತೆ ಓಡಿಸಿ, ಆಮೇಲೆ ಇನ್‌ಕ್ಯುಬೇಟರ್‌ನಲ್ಲಿಡಿ. ಓಡಿಸದ ಇನ್ನೊಂದನ್ನೂ ಪಕ್ಕದಲ್ಲಿಡಿ. ಓಡಿಸಿದ್ದು ಬೆಳೆಯಬಾರದು, ಓಡಿಸದ್ದು ಬೆಳೆಯಲೇಬೇಕು. ಎರಡೂ ಬೆಳೆಯದಿದ್ದರೆ ಆ ಪರೀಕ್ಷೆಗೆ ಬೆಲೆಯಿಲ್ಲ.

ಬಾಗಿಲು, ವಾಲ್ವ್, ಫಿಲ್ಟರ್

ಬಾಗಿಲಿನ ಗ್ಯಾಸ್ಕೆಟ್ ಕುಕ್ಕರ್‌ನದರ ಹಾಗೆಯೇ. ಗಟ್ಟಿಯಾದರೆ, ಸೀಳಿದರೆ ಸೋರುತ್ತದೆ. ದಿನಾ ಮಷಿನ್ ಆರಿದ ಮೇಲೆ ಎಳೆ ಬಿಡದ ಒದ್ದೆ ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡಿ. ಒಂದು ಕೂದಲೆಳೆ ಸಿಕ್ಕಿಕೊಂಡರೂ ವ್ಯಾಕ್ಯೂಮ್ ನಿಲ್ಲದೇ ಹೋಗಬಹುದು. ಮಷಿನ್‌ನಲ್ಲಿ ಲೀಕ್ ಟೆಸ್ಟ್ ಇದ್ದರೆ ವಾರಕ್ಕೊಮ್ಮೆ ಓಡಿಸಿ. ಒಳಗಿನ ಪ್ರೆಶರ್ ನಿಮಿಷಕ್ಕೆ 1.3 ಮಿಲಿಬಾರ್‌ಗಿಂತ ಜಾಸ್ತಿ ಏರಬಾರದು. ಡ್ರೇನ್ ಫಿಲ್ಟರ್ ತೆಗೆದು ತೊಳೆಯಿರಿ. ಚೇಂಬರನ್ನು ತಂತಿಯ ಬ್ರಷ್‌ನಿಂದಾಗಲಿ ಬ್ಲೀಚ್‌ನಿಂದಾಗಲಿ ಉಜ್ಜಬೇಡಿ, ಸ್ಟೀಲ್ ತುಕ್ಕು ಹಿಡಿಯುತ್ತದೆ. ಸೇಫ್ಟಿ ವಾಲ್ವ್ ಮತ್ತು ಗೇಜ್ ತಪಾಸಣೆ ಸರ್ವಿಸ್‌ನವರ ಕೆಲಸ. ಅದನ್ನು ಮುಂದೂಡಬೇಡಿ.

ಸ್ಪೋರ್ ಪರೀಕ್ಷೆ ಫೇಲ್ ಆದರೆ ಮಷಿನ್ ನಿಲ್ಲಿಸಿ. ಹಿಂದಿನ ಸಲ ಪರೀಕ್ಷೆ ಪಾಸಾದ ದಿನದಿಂದ ಈಚೆಗೆ ಅದರಲ್ಲಿ ಓಡಿದ ಪ್ಯಾಕ್‌ಗಳನ್ನೆಲ್ಲ ವಾಪಸ್ ತೆಗೆದುಕೊಳ್ಳಿ. ಪ್ರತಿ ಪೌಚ್ ಮೇಲೆ ತಾರೀಖು, ಸೈಕಲ್ ನಂಬರ್ ಬರೆದು ಲಾಗ್ ಬುಕ್‌ನಲ್ಲೂ ನಮೂದಿಸಿದ್ದರೆ ಇದು ಬೇಗ ಮುಗಿಯುತ್ತದೆ. ಇಲ್ಲದಿದ್ದರೆ ಕಪಾಟಿನಲ್ಲಿರುವುದನ್ನೆಲ್ಲ ಬಿಚ್ಚಿ, ತೊಳೆದು, ಬೇರೆ ಮಷಿನ್‌ನಲ್ಲಿ ಮತ್ತೆ ಓಡಿಸಬೇಕು.