ಹಾಸನದ ಗಾಳಿಗೆ ರೆಕ್ಕೆಯ ಲೆಕ್ಕ

ಗಾಳಿಯಂತ್ರದ ರೆಕ್ಕೆಯ ಮೇಲೆ ಬೀಳುವ ಹೊರೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ವಿದ್ಯಾರ್ಥಿಗಳ ಕಡತ ತೆರೆದಾಗ ನಾನು ಮೊದಲು ಹುಡುಕುವುದು ಗಾಳಿಯ ಸಾಂದ್ರತೆಯ ಸಾಲನ್ನು. ಹೆಚ್ಚಿನವರದರಲ್ಲಿ 1.225 ಎಂದೇ ಇರುತ್ತದೆ. ಅದು ಸಮುದ್ರಮಟ್ಟದ, 15 ಡಿಗ್ರಿ ಉಷ್ಣಾಂಶದ ಗಾಳಿ. ಹಾಸನ ಇರುವುದು 900 ಮೀಟರಿಗೂ ಎತ್ತರದಲ್ಲಿ. 25 ಡಿಗ್ರಿಯ ದಿನ ಇಲ್ಲಿನ ಒಂದು ಘನ ಮೀಟರ್ ಗಾಳಿ ತೂಗುವುದು ಸುಮಾರು 1.06 ಕಿಲೋಗ್ರಾಂ. ಇದರಿಂದ ರೆಕ್ಕೆಗೆ ನಿಜವಾಗಿ ಎಷ್ಟು ಹಗುರವಾಗುತ್ತದೆ? ತಿಳಿಯಲೇಬೇಕೆಂದು ನಾನೇ ಲೆಕ್ಕಕ್ಕೆ ಕುಳಿತೆ.

ಅರಸೀಕೆರೆ ಕಡೆಯ ಗುಡ್ಡಗಳ ಮೇಲಿನ ಯಂತ್ರಗಳ ರೆಕ್ಕೆಯ ವಿವರ ನನಗೆ ಸಿಗುವಂಥದ್ದಲ್ಲ. ಹಾಗಾಗಿ ಅಮೆರಿಕದ ಎನ್‌ಆರ್‌ಇಎಲ್ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ 5 ಮೆಗಾವ್ಯಾಟಿನ ಮಾದರಿ ಯಂತ್ರವನ್ನು ತೆಗೆದುಕೊಂಡೆ. ರೆಕ್ಕೆಯ ಉದ್ದ 61.5 ಮೀಟರ್, ತೂಕ 17,740 ಕಿಲೋಗ್ರಾಂ. ತಂತ್ರಾಂಶ ಓಪನ್‌ಫಾಸ್ಟ್, ದುಡ್ಡು ಕೊಡಬೇಕಿಲ್ಲ, ಸಾಧಾರಣ ಲ್ಯಾಪ್‌ಟಾಪ್ ಸಾಕು. ರೆಕ್ಕೆಯನ್ನು ಉದ್ದಕ್ಕೂ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿಗೆ ಗಾಳಿ ಯಾವ ಕೋನದಲ್ಲಿ ತಾಗುತ್ತದೆಂದು ನೋಡಿ, ಎತ್ತುವ ಬಲವನ್ನೂ ಎಳೆತವನ್ನೂ ಕೋಷ್ಟಕದಿಂದ ತೆಗೆಯುವುದು ಅದರ ಕ್ರಮ. ರೆಕ್ಕೆಯೇ ಗಾಳಿಯನ್ನು ನಿಧಾನಗೊಳಿಸುವುದರಿಂದ ಆ ಕೋನ ಮತ್ತೆ ಬದಲಾಗುತ್ತದೆ. ಎರಡೂ ಹೊಂದುವವರೆಗೆ ಲೆಕ್ಕ ಸುತ್ತುತ್ತದೆ.

ಗಾಳಿ ಸೇರಿಸುವ ಮೊದಲು ನಾನು ತಪ್ಪದೆ ಮಾಡುವ ಒಂದು ಪರೀಕ್ಷೆಯಿದೆ. ವಾಯುಬಲದ ಲೆಕ್ಕದ ಭಾಗವನ್ನು ನಿಲ್ಲಿಸಿ, ಯಂತ್ರವನ್ನು ನಿಮಿಷಕ್ಕೆ 12.1 ಸುತ್ತಿನ ಸ್ಥಿರ ವೇಗದಲ್ಲಿ ತಿರುಗಿಸುತ್ತೇನೆ. ಆಗ ರೆಕ್ಕೆಯನ್ನು ಅದರ ಅಂಚಿನ ಕಡೆಗೆ ಬಾಗಿಸುವುದು ಬಹುಪಾಲು ಅದರದೇ ತೂಕ. ರೆಕ್ಕೆಯ ಗುರುತ್ವಕೇಂದ್ರ ಬುಡದಿಂದ 20.475 ಮೀಟರ್ ದೂರದಲ್ಲಿದೆ. 17,740ನ್ನು 9.81ರಿಂದಲೂ 20.475ರಿಂದಲೂ ಗುಣಿಸಿದರೆ ಬರುವುದು ಸುಮಾರು 3,560 ಕಿಲೋನ್ಯೂಟನ್ ಮೀಟರ್. ಪರದೆಯ ಮೇಲಿನ ಅಲೆ ಐದು ಸೆಕೆಂಡಿಗೊಮ್ಮೆ ಇಷ್ಟೇ ಎತ್ತರಕ್ಕೆ ಏರಿ, ಇಷ್ಟೇ ಆಳಕ್ಕೆ ಇಳಿಯಬೇಕು. ಹಾಗಾಗದಿದ್ದರೆ ಕಡತದಲ್ಲೇ ದೋಷವಿದೆ; ಮುಂದಿನ ಯಾವ ಅಂಕಿಯನ್ನೂ ನಂಬುವಂತಿಲ್ಲ.

ಆಮೇಲೆ ಸಾಂದ್ರತೆ 1.06 ಮಾಡಿದೆ. ಅದರ ಜೊತೆಗೇ ನಿಯಂತ್ರಕದ ಟಾರ್ಕ್ ಸ್ಥಿರಾಂಕವನ್ನೂ (ಜನರೇಟರ್ ತಿರುಗುವಿಕೆಯನ್ನು ಎಷ್ಟು ತಡೆಯಬೇಕೆಂದು ಹೇಳುವ ಅಂಕಿ) ಅದೇ ಅನುಪಾತದಲ್ಲಿ ತಗ್ಗಿಸಬೇಕು. ಅದನ್ನು ಬಿಟ್ಟರೆ ಜನರೇಟರ್ ರೆಕ್ಕೆಗಳನ್ನು ಅಗತ್ಯಕ್ಕಿಂತ ಹೆಚ್ಚು ತಡೆದು, ಹೋಲಿಕೆಗೇ ಅರ್ಥವಿಲ್ಲದಂತಾಗುತ್ತದೆ. ಮಂದ ಗಾಳಿಯಲ್ಲಿ ವಾಯುಬಲ ಸಾಂದ್ರತೆಯಷ್ಟೇ, ಅಂದರೆ ಶೇ 13ರ ಹತ್ತಿರ, ಇಳಿಯಿತು. ಆದರೆ ವಿನ್ಯಾಸಕಾರನಿಗೆ ಬೇಕಾದದ್ದು ಗರಿಷ್ಠ ತಳ್ಳುಬಲ, ಅದು ಅಷ್ಟು ಇಳಿಯುವುದಿಲ್ಲ. ತೆಳು ಗಾಳಿಯಲ್ಲಿ ಯಂತ್ರ ಪೂರ್ಣ ಶಕ್ತಿ ಮುಟ್ಟಲು ಸೆಕೆಂಡಿಗೆ 11.4 ಮೀಟರಿನ ಬದಲು ಹೆಚ್ಚೂಕಡಿಮೆ 12 ಮೀಟರ್ ವೇಗ ಬೇಕು. ರೆಕ್ಕೆಗಳು ಹೊರಳಿ ಗಾಳಿಯನ್ನು ಬಿಟ್ಟುಕೊಡುವುದು ಆಮೇಲೆಯೇ. ಸಾಂದ್ರತೆಯಲ್ಲಿ ತಗ್ಗಿದ್ದರ ದೊಡ್ಡ ಪಾಲನ್ನು ವೇಗದ ವರ್ಗ ತುಂಬಿಕೊಡುವುದರಿಂದ ಕೊನೆಗೆ ಉಳಿಯುವ ಇಳಿತ ಶೇ 5ರ ಆಸುಪಾಸು. ತೂಕದ ಆ 3,560 ಅಂತೂ ಯಾವ ಊರಿನಲ್ಲಾದರೂ ಅಷ್ಟೇ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಎತ್ತರದೊಂದಿಗೆ ಗಾಳಿಯ ವೇಗ ಏರುವ ಬಗೆ. ಈ ಮಾದರಿಯಲ್ಲಿ ರೆಕ್ಕೆಯ ತುದಿ 27 ಮೀಟರಿನಿಂದ 153 ಮೀಟರಿನವರೆಗೆ ಓಡಾಡುತ್ತದೆ. ವೇಗದ ಈ ಏರಿಕೆಯನ್ನು ಎತ್ತರದ ಅನುಪಾತದ ಘಾತವಾಗಿ ಬರೆಯುತ್ತಾರೆ; ಘಾತಾಂಕ ದೊಡ್ಡದಾದಷ್ಟೂ ವ್ಯತ್ಯಾಸ ಹೆಚ್ಚು. ಅಂತಾರಾಷ್ಟ್ರೀಯ ವಿದ್ಯುತ್ ತಂತ್ರ ಆಯೋಗದ (ಐಇಸಿ) ಮಾನದಂಡದ 0.2 ಘಾತಾಂಕ ಹಿಡಿದರೆ, ರೆಕ್ಕೆಗಳು ಸುತ್ತುವ ನಡುಮಟ್ಟದಲ್ಲಿ ಸೆಕೆಂಡಿಗೆ 12 ಮೀಟರ್ ವೇಗವಿದ್ದಾಗ ಕೆಳಗೆ 9.4, ಮೇಲೆ 13.3. ಪ್ರತಿ ಸುತ್ತಿನಲ್ಲೂ ರೆಕ್ಕೆ ಈ ವ್ಯತ್ಯಾಸವನ್ನು ತಿನ್ನುತ್ತದೆ, ಮತ್ತೆ ಮತ್ತೆ ಬಾಗಿ ಅದರ ವಸ್ತುವಿಗೆ ದಣಿವು ಕೂಡುವುದು ಇಲ್ಲಿ. ಆದರೆ ಗುಡ್ಡದ ನೆತ್ತಿಯಲ್ಲಿ ಗಾಳಿ ನೆಲದ ಹತ್ತಿರವೇ ವೇಗ ಪಡೆಯುತ್ತದೆ. ಅಲ್ಲಿ ಘಾತಾಂಕ ಸೊನ್ನೆಯ ಸಮೀಪಕ್ಕೂ ಇಳಿಯಬಹುದು. ಹಾಗಾಗಿ 0.2, 0.1, ಸೊನ್ನೆ ಮೂರನ್ನೂ ಓಡಿಸಿದೆ. ಪ್ರಕ್ಷುಬ್ಧತೆಗೆ, ಅಂದರೆ ಗಾಳಿಯ ಕ್ಷಣಕ್ಷಣದ ಏರಿಳಿತಕ್ಕೆ, ಕೃತಕ ಗಾಳಿ ರಚಿಸುವ ತಂತ್ರಾಂಶವಾದ ಟರ್ಬ್‌ಸಿಮ್‌ನಿಂದ ಪ್ರತಿ ವೇಗಕ್ಕೂ ಹತ್ತು ನಿಮಿಷದ ಆರು ಬೇರೆ ಬೇರೆ ಗಾಳಿಗಳನ್ನು ಮಾಡಿಕೊಂಡು, ಯಂತ್ರ ನೆಲೆಗೊಳ್ಳುವ ಆರಂಭದ ಭಾಗವನ್ನು ಕತ್ತರಿಸಿ ಲೆಕ್ಕಕ್ಕೆ ಹಿಡಿದೆ. ಇನ್ನು ಬೇಕಿರುವುದು ಮುಂಗಾರಿನ ತಿಂಗಳುಗಳಲ್ಲಿ ಗುಡ್ಡದ ಮೇಲಿನ ಕಂಬವೊಂದರಲ್ಲಿ ಎರಡು ಎತ್ತರಗಳಲ್ಲಿ ಅಳೆದ ವೇಗ. ಅದು ಕೈಗೆ ಬಂದರೆ ಮೂರರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂದು ತೀರ್ಮಾನಿಸಬಹುದು.