ಮೊಟ್ಟೆಯೊಳಗೆ ರೆಕ್ಕೆ ಮೂಡುವುದು ಹೇಗೆ?

ಕಾವಿಗೆ ಕೂತ ಕೋಳಿಯ ಕೆಳಗಿಂದ ಐದನೇ ದಿನ ರಾತ್ರಿ ಒಂದು ಮೊಟ್ಟೆ ಮೆಲ್ಲಗೆ ತೆಗೆಯಿರಿ. ಕುಕ್ಕಿದರೆ ನನ್ನನ್ನು ಬೈಯಬೇಡಿ. ಕತ್ತಲೆ ಕೋಣೆಯಲ್ಲಿ ದಪ್ಪ ತುದಿಗೆ ಮೊಬೈಲ್ ಟಾರ್ಚ್ ಒತ್ತಿ ಹಿಡಿಯಿರಿ. ಜೇಡರ ಬಲೆಯಂಥ ಕೆಂಪು ರಕ್ತನಾಳಗಳು, ನಡುವೆ ಒಂದು ಕಪ್ಪು ಚುಕ್ಕೆ. ಅದು ಮರಿಯ ಕಣ್ಣು. ರೆಕ್ಕೆಯ ಮೊಗ್ಗೂ ಆಗಲೇ ಮೂಡಿರುತ್ತದೆ, ಸುಮ್ನೆ ಕಣ್ಣಿಗೆ ಕಾಣದು. ಬೇಗ ವಾಪಸ್ ಇಡಿ, ಮೊಟ್ಟೆ ತಣ್ಣಗಾಗಬಾರದು.

ಕಣ್ಣಿನ ಕೋಶದಲ್ಲೂ ರೆಕ್ಕೆಯ ಕೋಶದಲ್ಲೂ ಇರುವುದು ಅವೇ ಜೀನ್‌ಗಳು. ಹಾಗಿದ್ದರೆ ರೆಕ್ಕೆ ಎಲ್ಲಿ ಬರಬೇಕೆಂದು ಹೇಳುವವರು ಯಾರು? ಕೆಲವು ಜೀನ್‌ಗಳು ಮೇಸ್ತ್ರಿಗಳಿದ್ದ ಹಾಗೆ. ತಾವು ಇಟ್ಟಿಗೆ ಹೊರುವುದಿಲ್ಲ, ಯಾವ ಜೀನ್ ಯಾವಾಗ ಕೆಲಸಕ್ಕೆ ಇಳಿಯಬೇಕು ಅನ್ನುತ್ತವೆ.

ಮೊದಲು ಜಾಗ ಗುರುತಾಗಬೇಕು. ಇದು ಹಾಕ್ಸ್ ಜೀನ್‌ಗಳ ಕೆಲಸ. ಅವುಗಳಲ್ಲೊಂದಾದ ಹಾಕ್ಸ್ ಸಿ6 ಕೆಲಸಕ್ಕೆ ಇಳಿಯುವ ಕಡೆ ಕುತ್ತಿಗೆ ಮುಗಿದು ಎದೆ ಶುರು. ರೆಕ್ಕೆ ಮೂಡುವುದೂ ಆ ಗಡಿಯಲ್ಲೇ. ಕೋಳಿಯ ಕುತ್ತಿಗೆಯಲ್ಲಿ 14 ಮೂಳೆ, ಇಲಿಗೆ 7. ಗಡಿ ಹಿಂದೆ ಸರಿದಷ್ಟೂ ಕುತ್ತಿಗೆ ಉದ್ದ.

ಆಮೇಲೆ ರೆಕ್ಕೆಯೋ ಕಾಲೋ ಎಂಬ ಪ್ರಶ್ನೆ. ರೆಕ್ಕೆಯ ಮೊಗ್ಗಿನಲ್ಲಿ ಕೆಲಸ ಮಾಡುವ ಜೀನ್ ಟಿಬಿಎಕ್ಸ್5, ಕಾಲಿನದರಲ್ಲಿ ಟಿಬಿಎಕ್ಸ್4.

ಮೊಗ್ಗು ಉದ್ದವಾಗಲು ಅದರ ತುದಿಯ ಅಂಚು ಬೇಕು. 1948ರಲ್ಲಿ ಜಾನ್ ಸಾಂಡರ್ಸ್ ಎಂಬ ವಿಜ್ಞಾನಿ ಕೋಳಿ ಭ್ರೂಣದಲ್ಲಿ ಆ ಅಂಚನ್ನು ಕತ್ತರಿಸಿದರು. ರೆಕ್ಕೆ ಮೋಟಾಗಿಯೇ ಉಳಿಯಿತು.

ಇನ್ನು ಬೆರಳು. ನನಗೆ ಜಾಸ್ತಿ ಇಷ್ಟವಾದ ಪ್ರಯೋಗ ಇಲ್ಲಿದೆ. 1968ರಲ್ಲಿ ಅದೇ ಸಾಂಡರ್ಸ್, ಮೇರಿ ಗ್ಯಾಸೆಲಿಂಗ್ ಜತೆ ಸೇರಿ, ಮೊಗ್ಗಿನ ಹಿಂಬದಿಯ ಚೂರೊಂದನ್ನು ಮುಂಬದಿಗೆ ಕಸಿ ಮಾಡಿದ್ದನ್ನು ವರದಿ ಮಾಡಿದರು. ಮೂರು ಬೆರಳಿನ ರೆಕ್ಕೆಗೆ ಇನ್ನೂ ಮೂರು ಬೆರಳು, ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ! ಆ ಚೂರಿನಲ್ಲಿ ಏನಿತ್ತು ಎಂದು ಗೊತ್ತಾಗಿದ್ದು 1993ರಲ್ಲಿ. ಅದೊಂದು ಜೀನ್, ಹೆಸರು ಸಾನಿಕ್ ಹೆಜ್‌ಹಾಗ್. ಹೌದು, ವಿಡಿಯೊ ಗೇಮಿನ ಮುಳ್ಳುಹಂದಿಯದೇ ಹೆಸರು. ಅದು ಹೊರಡಿಸುವ ಪ್ರೋಟೀನ್ ಹೆಚ್ಚು ಸಿಕ್ಕಲ್ಲಿ ಹಿಂದಿನ ಬೆರಳು, ಕಮ್ಮಿ ಸಿಕ್ಕಲ್ಲಿ ಮುಂದಿನದು.

ಈ ಜೀನನ್ನು ಕೆಲಸಕ್ಕೆ ಇಳಿಸುವ ಸ್ವಿಚ್, ಅಂದರೆ ಡಿಎನ್‌ಎಯ ಒಂದು ತುಣುಕು, ಇರುವುದು ಜೀನಿನ ಪಕ್ಕದಲ್ಲಲ್ಲ. ಮನುಷ್ಯರಲ್ಲಿ ಸುಮಾರು 10 ಲಕ್ಷ ಡಿಎನ್‌ಎ ಅಕ್ಷರಗಳಷ್ಟು ದೂರ! ಕೈಗೆ ಆರು ಬೆರಳು ಇರುವವರನ್ನು ನೋಡಿದ್ದೀರಿ ಅಲ್ವಾ? ಕೆಲವು ಮನೆತನಗಳಲ್ಲಿ ಅದಕ್ಕೆ ಕಾರಣ ಈ ಸ್ವಿಚ್‌ನಲ್ಲಿ ಬದಲಾದ ಒಂದೇ ಒಂದು ಅಕ್ಷರ. ಸಿಲ್ಕಿ ಎಂಬ ತಳಿಯ ಕೋಳಿಯ ಕಾಲಿಗೆ ಐದನೇ ಬೆರಳು ಬಂದಿದ್ದೂ ಇಲ್ಲಿಂದಲೇ.

ಕೊನೆಗೆ ಕತ್ತರಿ ಕೆಲಸ. ಕಾಲ್ಬೆರಳುಗಳ ನಡುವಿನ ಕೋಶಗಳಿಗೆ ಬಿಎಂಪಿ ಎಂಬ ಸಂಕೇತ 'ಸಾಯಿರಿ' ಅನ್ನುತ್ತದೆ. ಕೋಳಿಯ ಬೆರಳು ಬಿಡಿಬಿಡಿಯಾಗುತ್ತವೆ. ಬಾತುಕೋಳಿಯಲ್ಲೂ ಬಿಎಂಪಿ ಇದೆ, ಆದರೆ ಗ್ರೆಮ್ಲಿನ್ ಎಂಬ ಜೀನ್ ಅಡ್ಡಗಾಲು ಹಾಕಿ ಚರ್ಮ ಉಳಿಸುತ್ತದೆ.

21ನೇ ದಿನ ಮರಿ ಹೊರಬಂದಾಗ ಅದರ ಕಾಲು ನೋಡಿ. ಅದೇ ಕೋಳಿಯ ಕೆಳಗೆ ಬಾತುಕೋಳಿ ಮೊಟ್ಟೆಯನ್ನೂ ಇಟ್ಟಿದ್ದರೆ ಇನ್ನೊಂದು ವಾರ ಕಾಯಿರಿ. ಅದಕ್ಕೆ 28 ದಿನ ಬೇಕು.