‘ಡ್’ ಒಂಟಿ, ‘ಟ್’ ಜಂಟಿ: ಹೆಸರಿನಿಂದ ಸುಣ್ಣದ ತಿಳಿಯವರೆಗೆ

ಸಲ್ಫೈಡ್, ಸಲ್ಫೈಟ್, ಸಲ್ಫೇಟ್. ಕನ್ನಡದಲ್ಲಿ ಬರೆದಾಗ ಮೊದಲೆರಡಕ್ಕೆ ಇರುವುದು ಕೊನೆಯ ಒಂದಕ್ಷರದ ವ್ಯತ್ಯಾಸ. ಬೆಂಗಳೂರಿನಲ್ಲಿ ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವಾಗ ನಾನು ಶುರು ಮಾಡುವುದೇ ಆ ಅಕ್ಷರದಿಂದ. ‘ಡ್’ ಬಂದರೆ ಆ ಧಾತು ಒಂಟಿ. ‘ಟ್’ ಬಂದರೆ ಜೊತೆಗೆ ಆಮ್ಲಜನಕ ಇದೆ. ‘ಏಟ್’ನಲ್ಲಿ ಆಮ್ಲಜನಕ ಹೆಚ್ಚು, ‘ಐಟ್’ನಲ್ಲಿ ಒಂದು ಕಡಿಮೆ: ಸಲ್ಫೇಟ್‌ಗೆ ನಾಲ್ಕು, ಸಲ್ಫೈಟ್‌ಗೆ ಮೂರು, ನೈಟ್ರೇಟ್‌ಗೆ ಮೂರು, ನೈಟ್ರೈಟ್‌ಗೆ ಎರಡು. ‘ಏಟ್ ಅಂದರೆ ಯಾವಾಗಲೂ ನಾಲ್ಕು’ ಎಂದು ಗಟ್ಟಿ ಮಾಡಿಕೊಂಡವರು ನೈಟ್ರೇಟ್‌ನಲ್ಲಿ ಎಡವುತ್ತಾರೆ. ‘ಡ್’ ನಿಯಮಕ್ಕೆ ಹೊರಗೆ ನಿಲ್ಲುವ ಹೈಡ್ರಾಕ್ಸೈಡ್ ಮತ್ತು ಸಯನೈಡ್‌ಗಳನ್ನು ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು.

ಬೈಕಾರ್ಬೊನೇಟ್‌ನ ‘ಬೈ’ ನೋಡಿ ಎರಡು ಕಾರ್ಬೊನೇಟ್ ಬರೆಯುವವರು ಬಹಳ. ಅದು ಹಳೆಯ ಹೆಸರು. ಹೈಡ್ರೋಜನ್ ಕಾರ್ಬೊನೇಟ್ ಎಂದೇ ಬಾಯಿಪಾಠ ಮಾಡಿಸಿದರೆ ಈ ತಪ್ಪಿಗೆ ಜಾಗವಿಲ್ಲ. ಮಾನೊ, ಡೈ, ಟ್ರೈ ಎಂಬ ಎಣಿಕೆಗಳು ಅಲೋಹ-ಅಲೋಹ ಜೋಡಿಗೆ ಮಾತ್ರ. ಕಾರ್ಬನ್ ಡೈಆಕ್ಸೈಡ್ ಸರಿ, ಕ್ಯಾಲ್ಸಿಯಂ ಡೈಕ್ಲೋರೈಡ್ ಅನ್ನುವುದಿಲ್ಲ. ಕಬ್ಬಿಣದಂಥ ಲೋಹಕ್ಕೆ ಎರಡು ವೇಲೆನ್ಸಿ (ಬೇರೆಯದರ ಜೊತೆ ಕೂಡುವ ಸಾಮರ್ಥ್ಯದ ಸಂಖ್ಯೆ) ಇರುವುದರಿಂದ ಫೆರಸ್ ಅಂದರೆ 2, ಫೆರಿಕ್ ಅಂದರೆ 3.

ಸೂತ್ರ ಬರೆಸಲು ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸುತ್ತೇನೆ. ಒಂದು ವೇಲೆನ್ಸಿಗೆ 2 ಸೆಂ.ಮೀ. ಅಗಲ. ಸೋಡಿಯಂ ಚೀಟಿ 2, ಕ್ಯಾಲ್ಸಿಯಂ 4, ಅಲ್ಯೂಮಿನಿಯಂ 6. ಕ್ಲೋರೈಡ್ 2, ಸಲ್ಫೇಟ್ 4, ಫಾಸ್ಫೇಟ್ 6. ಧನ ಅಯಾನುಗಳನ್ನು (ಸೋಡಿಯಂನಂಥ ಲೋಹಗಳು) ಮೇಲಿನ ಸಾಲಿನಲ್ಲಿ, ಋಣ ಅಯಾನುಗಳನ್ನು (ಕ್ಲೋರೈಡ್, ಸಲ್ಫೇಟ್‌ನಂಥವು) ಕೆಳಗೆ ಜೋಡಿಸಿ, ಎರಡೂ ಸಾಲು ಸಮ ಆದ ಕೂಡಲೇ ನಿಲ್ಲಿಸಬೇಕು. ಎರಡು ಅಲ್ಯೂಮಿನಿಯಂ, ಮೂರು ಸಲ್ಫೇಟ್: ಎರಡೂ ಕಡೆ 12 ಸೆಂ.ಮೀ. ವೇಲೆನ್ಸಿಗಳನ್ನು ಅಡ್ಡಡ್ಡ ಅದಲುಬದಲು ಮಾಡುವ ಪದ್ಧತಿಯಲ್ಲಿ ಕ್ಯಾಲ್ಸಿಯಂ ಆಕ್ಸೈಡ್‌ಗೆ ಎರಡು ಕ್ಯಾಲ್ಸಿಯಂ, ಎರಡು ಆಕ್ಸಿಜನ್ ಬಂದು ಕೂರುತ್ತವೆ. ಚೀಟಿಯಲ್ಲಿ ಒಂದಕ್ಕೊಂದೇ ಸರಿಹೋಗುವುದು ಕಣ್ಣಿಗೇ ಕಾಣುತ್ತದೆ. ಸಮೀಕರಣ ಸರಿದೂಗಿಸುವಾಗಲೂ ಇವೇ ಚೀಟಿ: ಗುಂಪುಗಳ ಸಂಖ್ಯೆ ಹೆಚ್ಚಿಸಬಹುದು, ಗುಂಪಿನೊಳಗೆ ಕೈ ಹಾಕುವಂತಿಲ್ಲ. ಆಮ್ಲಜನಕದ ಲೆಕ್ಕ ಸರಿಬರಲಿ ಎಂದು ನೀರಿಗೆ ಇನ್ನೊಂದು ಆಮ್ಲಜನಕ ಸೇರಿಸಿದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್.

ಇನ್ನು ಕ್ರಿಯೆಗಳು. ಹತ್ತು ಪ್ರಯೋಗ ಅರೆಬರೆ ತೋರಿಸುವ ಬದಲು ಸುಣ್ಣದ ತಿಳಿಯೊಂದನ್ನೇ ಪೂರ್ತಿ ಮಾಡುವುದು ಮೇಲು. ಎಲೆ ಅಡಿಕೆಯ ಸುಣ್ಣ ಒಂದು ಟೀ ಚಮಚ, ನೀರು 1 ಲೀಟರ್. ಮುಚ್ಚಳ ಬಿಗಿದು ಕುಲುಕಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಬೇಕು. ಲೀಟರಿಗೆ ಕರಗುವುದು ಎರಡು ಗ್ರಾಂಗೂ ಕಡಿಮೆ. ತಳದಲ್ಲಿ ಉಳಿಯಿತಲ್ಲ ಎಂದು ಗಾಬರಿ ಬೇಡ. ಗಾಳಿಗೆ ಬಿಟ್ಟು ಒಣಗಿದ ಹಳೆಯ ಸುಣ್ಣ ಆಗಲೇ ಕಾರ್ಬೊನೇಟ್ ಆಗಿರುತ್ತದೆ, ಅದು ಕೆಲಸಕ್ಕೆ ಬಾರದು. ಕಣ್ಣಿಗೆ ಸಿಡಿದರೆ ಸುಣ್ಣ ಸುಡುತ್ತದೆ. ಕನ್ನಡಕ ಹಾಕಿಸಿಯೇ ಮಾಡಿಸಿ.

ಸ್ಟ್ರಾದಲ್ಲಿ ಊದಿದರೆ ತಿಳಿ ಹಾಲಾಗುತ್ತದೆ: ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹೋಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಬಂತು. ಇನ್ನೂ ಊದಿದರೆ ಮತ್ತೆ ತಿಳಿಯಾಗುತ್ತದೆ ಎಂದು ಪಾಠದಲ್ಲಿದೆ. ದವಡೆ ನೋಯುವಷ್ಟು ಊದಿದರೂ ಆಗುವುದಿಲ್ಲ. ನಮ್ಮ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ಸುಮಾರು 4%. ಗಟ್ಟಿ ತಿಳಿಯಲ್ಲಿರುವಷ್ಟು ಕ್ಯಾಲ್ಸಿಯಂ ಅನ್ನು ಕರಗಿದ ಹೈಡ್ರೋಜನ್ ಕಾರ್ಬೊನೇಟ್ ಆಗಿ ಹಿಡಿದಿಡಲು ಅಷ್ಟು ಸಾಲದು. ಅದಕ್ಕೆ ಎರಡು ಬದಲಾವಣೆ. 40 ಮಿ.ಲೀ. ತಿಳಿಗೆ 160 ಮಿ.ಲೀ. ಡಿಸ್ಟಿಲ್ಡ್ ವಾಟರ್ (ಬ್ಯಾಟರಿಗೆ ಹಾಕುವುದು) ಬೆರೆಸಬೇಕು, ಅನಿಲವನ್ನು ಬಾಟಲಿಯಲ್ಲಿ ತಯಾರಿಸಬೇಕು.

ಒಂದು ಲೀಟರಿನ ಬಾಟಲಿಗೆ 4% ವಿನೆಗರ್ 75 ಮಿ.ಲೀ. ಹಾಕಿ. ಅಡುಗೆ ಸೋಡಾ 4.2 ಗ್ರಾಂ ತೂಗಿ, ಟಿಶ್ಯೂ ಕಾಗದದಲ್ಲಿ ಸುತ್ತಿ ಒಳಗೆ ಬಿಡಿ. ಮುಚ್ಚಳಕ್ಕೆ ತೂತು ಮಾಡಿ ಡ್ರಿಪ್ ಟ್ಯೂಬ್ ತೂರಿಸಿ, ಸುತ್ತ ಎಂ-ಸೀಲ್ ಮೆತ್ತಿರಬೇಕು. ಟ್ಯೂಬಿನ ಇನ್ನೊಂದು ತುದಿ ನೀರು ಬೆರೆಸಿದ ಸುಣ್ಣದ ತಿಳಿಯಲ್ಲಿ ಮುಳುಗಿರಬೇಕು. ಸೋಡಾದ ಅಣುರಾಶಿ 84, ಅಸಿಟಿಕ್ ಆಮ್ಲದ್ದು 60. 4.2 ಗ್ರಾಂ ಸೋಡಾಗೆ ಬೇಕಾದ ಆಮ್ಲ 3 ಗ್ರಾಂ, 75 ಮಿ.ಲೀ. ವಿನೆಗರ್‌ನಲ್ಲಿ ಇರುವುದೂ ಅಷ್ಟೇ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಇಲ್ಲಿ ಅನಿಲ ಕೊಂಚ ಹಿಗ್ಗಿ ಸುಮಾರು 1.3 ಲೀಟರ್ ಆಗುತ್ತದೆ. ಟ್ಯೂಬ್ ಎಲ್ಲಿಯೂ ಮಡಚಿಕೊಂಡಿರಬಾರದು, ಮುಚ್ಚಳ ಹಾರುತ್ತದೆ.

ಈಗ ಹಾಲಾದದ್ದು ಕೆಲವು ನಿಮಿಷದಲ್ಲಿ ತಿಳಿಯಾಗುತ್ತದೆ. ಇಲ್ಲೊಂದು ಮೋಸವಿದೆ. ನೊರೆಯ ಜೊತೆ ವಿನೆಗರ್ ಹನಿಗಳು ಟ್ಯೂಬಿನಲ್ಲಿ ದಾಟಿ ಬಂದರೂ ಬಿಳುಪು ಕರಗುತ್ತದೆ, ಆದರೆ ಆಗ ಬಂದಿರುವುದು ಕ್ಯಾಲ್ಸಿಯಂ ಅಸಿಟೇಟ್. ಪತ್ತೆ ಹಚ್ಚಲು ಕುದಿಸಿ ನೋಡಬೇಕು. ಹೈಡ್ರೋಜನ್ ಕಾರ್ಬೊನೇಟ್ ಆಗಿದ್ದರೆ ಕೆಲವು ನಿಮಿಷ ಕುದಿಯುವಷ್ಟರಲ್ಲಿ ಅನಿಲ ಬಿಟ್ಟು, ಮತ್ತೆ ಕಾರ್ಬೊನೇಟ್ ಆಗಿ ಮಬ್ಬಾಗುತ್ತದೆ. ಅಸಿಟೇಟ್ ಆಗಿದ್ದರೆ ತಿಳಿ ಹಾಗೇ ಇರುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಗೀಸರ್ ಕಾಯಿಲ್‌ಗೆ ಕಟ್ಟುವ ಬಿಳಿ ಹೆಕ್ಕಳೆಯೂ ಬಹುಪಾಲು ಇದೇ ಕೊನೆಯ ಹಂತದ್ದು. ಅದನ್ನು ವಿನೆಗರ್‌ನಲ್ಲಿ ನೆನೆಸಿ ಬಿಡಿಸುವುದು ನಡುವಿನ ಆ ‘ಮೋಸ’ದ ಕ್ರಿಯೆ.

ಸ್ಥಾನಪಲ್ಲಟಕ್ಕೆ (ಒಂದು ಲೋಹ ಇನ್ನೊಂದನ್ನು ಹೊರದೂಡಿ ಅದರ ಜಾಗಕ್ಕೆ ಬರುವ ಕ್ರಿಯೆ) ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, 5 ಗ್ರಾಂ, ನೀರು 100 ಮಿ.ಲೀ., ಎಮರಿ ಕಾಗದದಲ್ಲಿ ತಿಕ್ಕಿದ ಕಬ್ಬಿಣದ ಮೊಳೆ ಸಾಕು. ಇಲ್ಲಿಯೂ ಬೋರ್‌ವೆಲ್ ನೀರು ಬೇಡ. ಅದರ ಹೈಡ್ರೋಜನ್ ಕಾರ್ಬೊನೇಟ್‌ನಿಂದ ತಾಮ್ರದ ತಿಳಿನೀಲಿ ಪ್ರಕ್ಷೇಪ ಬಂದು ದ್ರಾವಣ ಕದಡುತ್ತದೆ. ಕೆಲವೇ ನಿಮಿಷಕ್ಕೆ ಮೊಳೆಗೆ ಕೆಂಗಂದು ಲೇಪ ಬರುತ್ತದೆ. ಜಿಐ (ಸತು ಲೇಪಿಸಿದ ಕಬ್ಬಿಣದ) ಮೊಳೆ ಹಾಕಿದರೆ ಮೊದಲು ವರ್ತಿಸುವುದು ಮೇಲಿನ ಸತು, ಕಪ್ಪು ಕಪ್ಪಾಗಿ ತಾಮ್ರ ಕೂರುತ್ತದೆ. ಆಗ ಉತ್ಪನ್ನದ ಹೆಸರು ಫೆರಸ್ ಸಲ್ಫೇಟ್ ಅಲ್ಲ, ಜಿಂಕ್ ಸಲ್ಫೇಟ್. ಮೈಲುತುತ್ತ ವಿಷ, ಉಳಿದ ದ್ರಾವಣವನ್ನು ಹೂಕುಂಡಕ್ಕೂ ಸುರಿಯಬಾರದು.